'ವಿಶುವಲ್ ಲರ್ನರ್', 'ಗಣಿತ ತಲೆಗೆ ಹತ್ತದವನು': ಮಕ್ಕಳ ಹಣೆಪಟ್ಟಿ ಕಳಚುವುದು ಹೇಗೆ?

"ನನ್ನ ಮಗಳು ವಿಶುವಲ್ ಲರ್ನರ್, ಅಂದರೆ ನೋಡಿ ಕಲಿಯೋಳು. ಅವಳಿಗೆ ಇತಿಹಾಸ ಹೇಗೆ ಓದಿಸಲಿ?"

"ಮಗನಿಗೆ ಗಣಿತ ತಲೆಗೇ ಹತ್ತೋದಿಲ್ಲ. ಬೇರೆಲ್ಲದರಲ್ಲೂ ಜಾಣ. ಏನು ಮಾಡೋದು?"

ಓದುಗರು ಈ ಎರಡು ಪ್ರಶ್ನೆಗಳನ್ನು ಬಿಡದೆ ಕೇಳುತ್ತಿದ್ದೀರಿ. ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲ. ಆದರೆ ಎರಡರಲ್ಲೂ ಮಗು ಎಂಥದ್ದು ಅನ್ನುವುದು ಮೊದಲೇ ತೀರ್ಮಾನ ಆಗಿಬಿಟ್ಟಿದೆ. ಮಗು ಕೂತು ಹೇಗೆ ಓದುತ್ತಿದೆ, ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಅನ್ನುವುದನ್ನು ಮಾತ್ರ ಯಾರೂ ನೋಡಿಲ್ಲ. ಹಾಗಾಗಿ ಎರಡೂ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆಯುತ್ತಿದ್ದೇನೆ.

ಮನೆಯಲ್ಲಿ ಓದಿಸುವ ಅಪ್ಪ ಅಮ್ಮಂದಿರು, ತರಗತಿಯಲ್ಲಿ ಪಾಠ ಹೇಳುವ ಮೇಷ್ಟ್ರು, ಟೀಚರ್ ಎಲ್ಲರಿಗೂ ಇದು ಅನ್ವಯಿಸುತ್ತದೆ. ನೀವೇ ಹೈಸ್ಕೂಲು ಅಥವಾ ಕಾಲೇಜಿನಲ್ಲಿ ಓದುತ್ತಿದ್ದರೆ 'ಮಗು' ಅಂತ ಇರುವ ಕಡೆ 'ನಾನು' ಅಂತ ಓದಿಕೊಳ್ಳಿ.

ಶುರು ಮಾಡುವ ಮುಂಚೆ: ಈ ಪ್ರಶ್ನೆಗಳ ಹಿಂದಿರುವ ಎರಡು ನಂಬಿಕೆಗಳು ಯಾವುವು?

ಒಂದನೆಯದು ಬುದ್ಧಿಯ ಬಗ್ಗೆ. 'ತಲೆ ಇದ್ದವರಿಗೆ ತಾನಾಗೇ ಬರುತ್ತೆ, ಇಲ್ಲದವರು ಎಷ್ಟು ತಿಣುಕಿದರೂ ಅಷ್ಟೇ' ಅನ್ನುವ ಮಾತು ನಾವೆಲ್ಲ ಕೇಳಿದ್ದೇವೆ, ಅಲ್ವಾ? ಅಮೆರಿಕದ ಮನೋವಿಜ್ಞಾನಿ ಕ್ಯಾರಲ್ ಡ್ವೆಕ್ ಇದಕ್ಕೆ 'ಫಿಕ್ಸೆಡ್ ಮೈಂಡ್‌ಸೆಟ್' ಅನ್ನುತ್ತಾರೆ. ಬುದ್ಧಿ ಹುಟ್ಟುವಾಗ ಎಷ್ಟಿದೆಯೋ ಅಷ್ಟೇ ಅನ್ನುವ ನಂಬಿಕೆ ಅದು. ಅಭ್ಯಾಸ ಮಾಡಿದಂತೆ, ದಾರಿ ಬದಲಿಸಿದಂತೆ, ಬೇಕಾದಾಗ ಸಹಾಯ ಕೇಳಿದಂತೆ ಸಾಮರ್ಥ್ಯ ಬೆಳೆಯುತ್ತದೆ ಅನ್ನುವ ನಂಬಿಕೆ 'ಗ್ರೋತ್ ಮೈಂಡ್‌ಸೆಟ್'.

ಇಲ್ಲಿ ಒಂದು ವಿಷಯ ಹೇಳಲೇಬೇಕು. 1905ರಲ್ಲಿ ಆಧುನಿಕ ಬುದ್ಧಿ ಪರೀಕ್ಷೆಯನ್ನು ಮೊದಲು ಸಿದ್ಧಪಡಿಸಿದವರು ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ತಿಯೊಡೋರ್ ಸಿಮೊನ್. ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಅಂತ ಗುರುತಿಸುವುದು ಅವರ ಉದ್ದೇಶವಾಗಿತ್ತು. ಬುದ್ಧಿಯನ್ನು ಹೆಚ್ಚಿಸಲು ಆಗುವುದೇ ಇಲ್ಲ ಅನ್ನುವವರನ್ನು ಬಿನೆ 1909ರಲ್ಲೇ ಕಟುವಾಗಿ ವಿರೋಧಿಸಿದ್ದರು. ಸಹಾಯ ಮಾಡಲು ಹುಟ್ಟಿದ ಪರೀಕ್ಷೆಯೇ ಮುಂದೆ ಹಣೆಪಟ್ಟಿ ಹಚ್ಚುವುದಕ್ಕೆ ಬಳಕೆಯಾಯಿತು. ನೆನೆಸಿಕೊಂಡರೆ ಬೇಸರವಾಗುತ್ತದೆ.

ಎರಡನೆಯದು 'ಲರ್ನಿಂಗ್ ಸ್ಟೈಲ್', ಅಂದರೆ ಕಲಿಕಾ ಶೈಲಿ. ಪ್ರತಿ ಮಗುವೂ ನೋಡಿ ಕಲಿಯುವ (ವಿಶುವಲ್), ಕೇಳಿ ಕಲಿಯುವ (ಆಡಿಟರಿ) ಅಥವಾ ಮಾಡಿ ಕಲಿಯುವ (ಕೈನೆಸ್ಥೆಟಿಕ್) ಗುಂಪಿಗೆ ಸೇರುತ್ತದೆ, ಆ ಶೈಲಿಯಲ್ಲೇ ಕಲಿಸಿದರೆ ಚೆನ್ನಾಗಿ ಕಲಿಯುತ್ತದೆ ಅನ್ನುವ ನಂಬಿಕೆ. 2012ರಲ್ಲಿ ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ ಶಿಕ್ಷಕರನ್ನು ಕೇಳಿದಾಗ ನೂರಕ್ಕೆ 90ಕ್ಕಿಂತ ಜಾಸ್ತಿ ಜನ ಇದನ್ನು ಒಪ್ಪಿದ್ದರು.

ಇದು ನಿಜವಾಗಿದ್ದರೆ ನಮಗೆ ಏನು ಕಾಣಬೇಕು? 'ನೋಡಿ ಕಲಿಯುವ' ಮಕ್ಕಳು ಚಿತ್ರದಿಂದ ಕಲಿತಾಗ ಜಾಸ್ತಿ ಅಂಕ ತೆಗೆಯಬೇಕು. 'ಕೇಳಿ ಕಲಿಯುವ' ಮಕ್ಕಳಿಗೆ ಮಾತಿನಿಂದ ಕಲಿತಾಗ ಜಾಸ್ತಿ ಬರಬೇಕು. ಅದಲು ಬದಲು ಮಾಡಿದರೆ ಇಬ್ಬರ ಅಂಕವೂ ಇಳಿಯಬೇಕು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಸಂಶೋಧಕರು ಇದೇ ಅಳತೆಗೋಲು ಹಿಡಿದು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿದರು. ಹೀಗೆ ಸರಿಯಾಗಿ ಪರೀಕ್ಷಿಸಿದ ಅಧ್ಯಯನಗಳೇ ಬೆರಳೆಣಿಕೆಯಷ್ಟಿದ್ದವು. ಅವುಗಳಲ್ಲೂ ಹಲವು ಈ ನಂಬಿಕೆಗೆ ವಿರುದ್ಧವಾದ ಫಲಿತಾಂಶ ಕೊಟ್ಟಿದ್ದವು.

"ಹಾಗಾದರೆ ಹೊವಾರ್ಡ್ ಗಾರ್ಡ್ನರ್ ಹೇಳಿದ್ದು?" ಅಂತ ಕೆಲವರು ಕೇಳುತ್ತೀರಿ. ಅವರು 1983ರಲ್ಲಿ ಮಂಡಿಸಿದ್ದು ಬಹು ಬುದ್ಧಿಮತ್ತೆ, ಅಂದರೆ ಬುದ್ಧಿ ಹಲವು ಬಗೆಯದು ಅನ್ನುವ ವಾದ. ಅದನ್ನು ಕಲಿಕಾ ಶೈಲಿಯ ಜೊತೆ ಬೆರೆಸಬೇಡಿ ಅಂತ ಅವರೇ ಹೇಳಿದ್ದಾರೆ.

ಇಷ್ಟವಂತೂ ನಿಜ. ಒಬ್ಬರಿಗೆ ವಿಡಿಯೋ ಇಷ್ಟ, ಇನ್ನೊಬ್ಬರಿಗೆ ಪುಸ್ತಕ ಇಷ್ಟ. ಇಷ್ಟವಾದ ರೀತಿಯಲ್ಲಿ ಓದಿದಾಗ 'ಚೆನ್ನಾಗಿ ತಲೆಗೆ ಹೋಯಿತು' ಅಂತ ಅನ್ನಿಸುವುದೂ ನಿಜ. ಹಾಗೆ ಅನ್ನಿಸುವುದು ಬೇರೆ, ವಾರ ಬಿಟ್ಟು ನೆನಪಿರುವುದು ಬೇರೆ. ಎಡವಟ್ಟಾಗುವುದು ಇವೆರಡನ್ನೂ ಒಂದೇ ಅಂದುಕೊಂಡಾಗ.

ಸುಮ್ನೆ ನಂಬಿಕೊಂಡಿದ್ದರೆ ಏನು ನಷ್ಟ ಅಂತ ಕೇಳಬಹುದು. ನಷ್ಟ ಇದೆ. 2023ರ ಒಂದು ಅಧ್ಯಯನದಲ್ಲಿ ಪೋಷಕರು, ಶಿಕ್ಷಕರು ಮತ್ತು ಮಕ್ಕಳು 'ನೋಡಿ ಕಲಿಯುವ' ಮಗುವನ್ನು 'ಕೈಯಿಂದ ಮಾಡಿ ಕಲಿಯುವ' ಮಗುವಿಗಿಂತ ಜಾಣ ಅಂತ ಎಣಿಸಿದರು. ಆ ಮಕ್ಕಳ ಬಗ್ಗೆ ಅವರಿಗೆ ಬೇರೇನೂ ಗೊತ್ತಿರಲಿಲ್ಲ. ಅಂದರೆ ಶೈಲಿಯ ಹಣೆಪಟ್ಟಿಯ ಬೆನ್ನಿಗೇ ಬುದ್ಧಿಯ ಹಣೆಪಟ್ಟಿಯೂ ಬರುತ್ತದೆ.

ಏನೇನು ಬೇಕು?

ಒಂದು ನೋಟ್‌ಬುಕ್, ಪೆನ್ನು, ಮಗುವಿನ ಪಠ್ಯಪುಸ್ತಕ, ಸಮಯ ನೋಡಲು ಒಂದು ಗಡಿಯಾರ. ಫೋನ್ ಬೇರೆ ಕೋಣೆಯಲ್ಲಿರಲಿ. ಒಟ್ಟು ನಾಲ್ಕೈದು ವಾರ ಹಿಡಿಯುತ್ತದೆ, ದಿನಕ್ಕೆ ಅರ್ಧ ಗಂಟೆ ಸಾಕು. ಪರೀಕ್ಷೆಗೆ ಎರಡು ದಿನ ಇರುವಾಗ ಮಾತ್ರ ಶುರು ಮಾಡಬೇಡಿ.

ಹಂತ 1: ಓಡಾಡುವ ಮಾತುಗಳನ್ನು ಬರೆದಿಡಿ

ಒಂದು ವಾರ ಏನನ್ನೂ ಬದಲಿಸಬೇಡಿ. ಮಗುವಿನ ಓದಿನ ಬಗ್ಗೆ ಮನೆಯಲ್ಲಿ ಅಥವಾ ತರಗತಿಯಲ್ಲಿ ಕೇಳಿಬರುವ ಮಾತುಗಳನ್ನು ಆಡಿದ ಹಾಗೇ ಬರೆದುಕೊಳ್ಳಿ. "ನೀನು ಬಿಡಪ್ಪ, ಒಂದು ಸಲ ಓದಿದರೆ ಸಾಕು." "ಅಕ್ಕನ ತಲೆ ಇವನಿಗೆ ಬಂದಿಲ್ಲ." "ನಾನು ಕೇಳಿ ಕಲಿಯೋಳು, ಓದಿದರೆ ನನಗೆ ಅರ್ಥ ಆಗಲ್ಲ." "ನನಗೂ ಲೆಕ್ಕ ಬರ್ತಿರಲಿಲ್ಲ, ಇವಳಿಗೆ ಎಲ್ಲಿಂದ ಬರಬೇಕು?"

ಹೊಗಳಿಕೆಯನ್ನೂ ಬರೆಯಿರಿ. ಮಗು ತನ್ನ ಬಗ್ಗೆ ತಾನೇ ಆಡುವ ಮಾತುಗಳ ಪಕ್ಕದಲ್ಲಿ ಒಂದು ಗುರುತು ಹಾಕಿ. ಆ ಮಾತುಗಳಲ್ಲಿ ಎಷ್ಟೋ ದೊಡ್ಡವರ ಬಾಯಿಂದಲೇ ಬಂದಿರುವುದು ನೋಟ್‌ಬುಕ್ ತುಂಬುತ್ತಾ ಹೋದಂತೆ ಗೊತ್ತಾಗುತ್ತದೆ.

ಎಚ್ಚರ: ಬರೆಯುವಾಗಲೇ ತಿದ್ದಲು ಹೋಗಬೇಡಿ. "ಹಾಗನ್ನಬಾರದು" ಅಂದರೆ ಮಗು ಮಾತು ನಿಲ್ಲಿಸುತ್ತದೆ, ಯೋಚನೆ ಒಳಗೇ ಉಳಿಯುತ್ತದೆ.

ಹಂತ 2: 'ಎಂಥವನು' ತೆಗೆದು 'ಏನು ಮಾಡಿದ' ಬರೆಯಿರಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಅವಸರ ಬೇಡ.

ಮೊದಲ ವಾರದ ಒಂದೊಂದು ಮಾತನ್ನೂ ತೆಗೆದುಕೊಂಡು, ಕಣ್ಣಿಗೆ ಕಾಣುವ ಕೆಲಸದ ಬಗ್ಗೆ ಮತ್ತೆ ಬರೆಯಿರಿ. ಉದಾಹರಣೆಗೆ 'ಗಣಿತ ತಲೆಗೆ ಹತ್ತಲ್ಲ' ಅನ್ನುವುದನ್ನು ನೋಡೋಣ. ಗಣಿತದಲ್ಲಿ ಯಾವುದು? ಭಿನ್ನರಾಶಿ. ಭಿನ್ನರಾಶಿಯಲ್ಲಿ ಯಾವುದು? ಗುಣಾಕಾರ ಬರುತ್ತದೆ, ಕೂಡುವಾಗ ತಪ್ಪುತ್ತದೆ. ಕೂಡುವಾಗ ಎಲ್ಲಿ? ಛೇದಗಳು ಬೇರೆ ಬೇರೆ ಇದ್ದಾಗ ಅವನ್ನೂ ಕೂಡಿಬಿಡುತ್ತಾನೆ. ಈಗ ನೋಟ್‌ಬುಕ್ಕಿನಲ್ಲಿ ಬರೆಯಿರಿ: 'ಛೇದ ಸಮ ಮಾಡುವುದನ್ನು ಕಲಿಯಬೇಕು.' ಎರಡು ಮೂರು ದಿನ ಕೂತರೆ ಮುಗಿಯುವ ಕೆಲಸ ಅದು. 'ಗಣಿತ ತಲೆಗೆ ಹತ್ತಲ್ಲ' ಅನ್ನುವ ಮಾತು ಹಿಡಿದುಕೊಂಡರೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತಲೇ ತೋಚುವುದಿಲ್ಲ.

'ನಾನು ವಿಶುವಲ್ ಲರ್ನರ್, ಓದಿದರೆ ಅರ್ಥ ಆಗಲ್ಲ' ಅನ್ನುವುದಕ್ಕೂ ಇದೇ ಕ್ರಮ. ಮಗುವಿನ ಪಕ್ಕ ಕೂತು ಒಂದು ಪುಟ ಓದಿಸಿ ನೋಡಿ. ಗೊತ್ತಿಲ್ಲದ ಪದ ಬಂದಾಗ ಹಾರಿಸಿ ಹೋಗುತ್ತದೆಯೇ? ಎಲ್ಲೂ ನಿಲ್ಲದೆ ಕೊನೆಯವರೆಗೆ ಓಡುತ್ತದೆಯೇ? ಹಿಂದಿನ ಪಾಠ ಗೊತ್ತಿಲ್ಲದೆ ಈ ಪಾಠ ಕಬ್ಬಿಣದ ಕಡಲೆ ಆಗಿದೆಯೇ? ಸಿಕ್ಕಿದ ಕಾರಣವನ್ನು ಬರೆದುಕೊಳ್ಳಿ.

'ಒಂದು ಸಲ ಓದಿದರೆ ಸಾಕು' ಅನ್ನಿಸಿಕೊಂಡ ಮಗುವನ್ನು ಮರೆಯಬೇಡಿ. ಅದೂ ಹಣೆಪಟ್ಟಿಯೇ. ಮೇಲಿನ ತರಗತಿಗೆ ಹೋದಾಗ ಒಂದು ಸಲಕ್ಕೆ ತಲೆಗೆ ಹೋಗದ ಪಾಠ ಬಂದೇ ಬರುತ್ತದೆ. ಆಗ ಆ ಮಗು ಸಹಾಯ ಕೇಳಲು ಹಿಂಜರಿಯುತ್ತದೆ, ಕೇಳಿದರೆ ಜಾಣತನ ಸುಳ್ಳು ಅಂತಾಗುತ್ತದಲ್ಲ ಅನ್ನುವ ಭಯಕ್ಕೆ. ನನ್ನ ಅನುಭವದಲ್ಲಿ ತೀರ ತಡವಾಗಿ ಗಮನಕ್ಕೆ ಬರುವುದು ಈ ಮಕ್ಕಳ ಕಷ್ಟ.

ಎಚ್ಚರ: ಸಮಾಧಾನದ ಮಾತಿನಲ್ಲೂ ಅಪಾಯವಿದೆ. "ಹೋಗಲಿ ಬಿಡು, ಎಲ್ಲರಿಗೂ ಗಣಿತ ಬರಬೇಕು ಅಂತೇನಿಲ್ಲ" ಅಂತ ಪ್ರೀತಿಯಿಂದಲೇ ಹೇಳುತ್ತೇವೆ. 2012ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಇಂಥ ಸಮಾಧಾನ ಕೇಳಿದ ವಿದ್ಯಾರ್ಥಿಗಳ ಹುಮ್ಮಸ್ಸು ಕುಗ್ಗಿತ್ತು. ತಮ್ಮ ಮೇಲೆ ಶಿಕ್ಷಕರಿಗೆ ಭರವಸೆಯೇ ಇಲ್ಲ ಅಂತ ಅವರು ಅರ್ಥ ಮಾಡಿಕೊಂಡಿದ್ದರು.

ಹಂತ 3: ಹೊಗಳುವ ಮಾತು ಬದಲಿಸಿ

1998ರಲ್ಲಿ ಕ್ಲಾಡಿಯಾ ಮ್ಯುಲ್ಲರ್ ಮತ್ತು ಡ್ವೆಕ್ ಐದನೇ ತರಗತಿಯ ಮಕ್ಕಳಿಗೆ ಕೆಲವು ಒಗಟಿನಂಥ ಲೆಕ್ಕ ಕೊಟ್ಟರು. ಮುಗಿಸಿದ ಮೇಲೆ ಕೆಲವರಿಗೆ "ನೀನು ತುಂಬಾ ಬುದ್ಧಿವಂತೆ" ಅಂದರು, ಕೆಲವರಿಗೆ "ನೀನು ತುಂಬಾ ಶ್ರಮಪಟ್ಟಿರಬೇಕು" ಅಂದರು. ಆಮೇಲೆ ಬೇಕೆಂದೇ ತೀರ ಕಷ್ಟದ ಲೆಕ್ಕ ಕೊಟ್ಟರು, ಎಲ್ಲರೂ ಎಡವಿದರು. ಕೊನೆಗೆ ಮೊದಲಿನಷ್ಟೇ ಸುಲಭದ್ದು. ಬುದ್ಧಿವಂತೆ ಅನ್ನಿಸಿಕೊಂಡವರು ಮೊದಲಿಗಿಂತ ಕಡಿಮೆ ಮಾಡಿದರು. ಶ್ರಮಕ್ಕೆ ಹೊಗಳಿಸಿಕೊಂಡವರು ಮೊದಲಿಗಿಂತ ಚೆನ್ನಾಗಿ ಮಾಡಿದರು. ತಮ್ಮ ಅಂಕವನ್ನು ಬೇರೆ ಶಾಲೆಯ ಮಕ್ಕಳಿಗೆ ಬರೆದು ತಿಳಿಸಲು ಹೇಳಿದಾಗ, ಬುದ್ಧಿವಂತರು ಅನ್ನಿಸಿಕೊಂಡವರಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಮಕ್ಕಳು ಜಾಸ್ತಿ ಅಂಕ ಬರೆದರು. ಮಕ್ಕಳು ಸುಳ್ಳು ಹೇಳುವಷ್ಟು ಭಾರವಾಗಿತ್ತು ಆ ಒಂದು ಹೊಗಳಿಕೆ.

ಹಾಗಾಗಿ "ಜಾಣ ಮರಿ" ಅನ್ನುವ ಬದಲು, ಮಗು ಏನು ಮಾಡಿದ್ದರಿಂದ ಉತ್ತರ ಬಂತು ಅನ್ನುವುದನ್ನು ಹೇಳಿ. "ಮೊದಲ ದಾರಿ ಸರಿಹೋಗಲಿಲ್ಲ ಅಂತ ಚಿತ್ರ ಬರೆದು ನೋಡಿದೆಯಲ್ಲ, ಅದರಿಂದ ಬಿಡಿಸಲು ಆಯ್ತು." "ಗೊತ್ತಿಲ್ಲದ ಪದದ ಕೆಳಗೆ ಗೆರೆ ಎಳೆದು ಕೇಳಿದೆ, ಒಳ್ಳೆಯದಾಯ್ತು."

ಎಚ್ಚರ: "ಪರವಾಗಿಲ್ಲ, ಶ್ರಮಪಟ್ಟೆಯಲ್ಲ" ಅಂತ ಬರೀ ಶ್ರಮವನ್ನು ಹೊಗಳಿ ಕೈತೊಳೆದುಕೊಳ್ಳಬೇಡಿ. ಏನೂ ಕಲಿಯದೆ ಮೂರು ಗಂಟೆ ಕೂತಿದ್ದಕ್ಕೆ ಶಹಬ್ಬಾಸ್ ಅಂದರೆ ಅದು ಸಮಾಧಾನ ಅಂತ ಮಗುವಿಗೂ ಗೊತ್ತಾಗುತ್ತದೆ. ದಾರಿ ತಪ್ಪಾಗಿದ್ದರೆ ದಾರಿ ತಪ್ಪಾಗಿದೆ ಅಂತ ಹೇಳಿ, ಬೇರೆ ದಾರಿ ತೋರಿಸಿ.

ಹಂತ 4: 'ನನ್ನ ಶೈಲಿ' ಅನ್ನುವುದನ್ನು ಮಗುವೇ ಪರೀಕ್ಷಿಸಲಿ

ವಾದ ಮಾಡಿ ಪ್ರಯೋಜನವಿಲ್ಲ, ಮಗುವೇ ಕಂಡುಕೊಳ್ಳಬೇಕು. ಹೀಗೆ ಮಾಡಿ.

ಒಂದೇ ಪುಸ್ತಕದಿಂದ ಸುಮಾರು ಒಂದೇ ಉದ್ದದ, ಒಂದೇ ಕಷ್ಟದ ಎರಡು ಚಿಕ್ಕ ಪಾಠ ಆರಿಸಿ. ಮೊದಲನೆಯದನ್ನು ಮಗು ತನಗಿಷ್ಟವಾದ ರೀತಿಯಲ್ಲಿ 20 ನಿಮಿಷ ಓದಲಿ. ಬಣ್ಣದ ಗೆರೆ, ವಿಡಿಯೋ, ಗಟ್ಟಿಯಾಗಿ ಓದುವುದು, ಏನಾದರೂ ಸರಿ. ಎರಡನೆಯದನ್ನು 8 ನಿಮಿಷ ಓದಿ, ಪುಸ್ತಕ ಮುಚ್ಚಿ, ನೆನಪಿರುವುದನ್ನೆಲ್ಲ 8 ನಿಮಿಷ ಖಾಲಿ ಹಾಳೆಯ ಮೇಲೆ ಬರೆಯಲಿ. ಉಳಿದ 4 ನಿಮಿಷದಲ್ಲಿ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಸೇರಿಸಲಿ.

"ವಾರ ಬಿಟ್ಟು ಕೇಳಿದರೆ ಯಾವುದು ಜಾಸ್ತಿ ನೆನಪಿರುತ್ತೆ?" ಅಂತ ಆಗಲೇ ಕೇಳಿ. ಉತ್ತರವನ್ನು ಮಗುವಿನ ಕೈಯಲ್ಲೇ ಬರೆಸಿ, ತಾರೀಕು ಹಾಕಿಸಿ. ಏಳು ದಿನ ಬಿಟ್ಟು ಎರಡೂ ಪಾಠದಿಂದ ಹತ್ತು ಹತ್ತು ಪ್ರಶ್ನೆ ಕೇಳಿ.

2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇಂಥದ್ದೇ ಪ್ರಯೋಗ ಮಾಡಿದ್ದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಮುಂದಿದ್ದರು.

ಎಚ್ಚರ: ಅದೇ ದಿನ ಟೆಸ್ಟ್ ಮಾಡಿದರೆ ಇದು ತಲೆಕೆಳಗಾಗಿ ಕಾಣಬಹುದು, ವಾರ ಕಾಯಿರಿ. ಒಂದೇ ಸಲಕ್ಕೆ ತೀರ್ಮಾನಕ್ಕೂ ಬರಬೇಡಿ. ಪಾಠಗಳು ಒಂದೇ ಸಮ ಇರುವುದಿಲ್ಲ. ಬೇರೆ ಬೇರೆ ಪಾಠದ ಮೇಲೆ ಎರಡು ಮೂರು ಸಲ ಮಾಡಿ ನೋಡಿ.

ಹಂತ 5: ದಾರಿಯನ್ನು ಪಾಠ ನೋಡಿ ಆರಿಸಿ

ನಕಾಶೆಯನ್ನು ಎಲ್ಲರೂ ನೋಡಿಯೇ ಕಲಿಯಬೇಕು. ಹೊಸ ಭಾಷೆಯ ಉಚ್ಚಾರಣೆಯನ್ನು ಎಲ್ಲರೂ ಕೇಳಿಯೇ ಕಲಿಯಬೇಕು. ಸೈಕಲ್ ತುಳಿಯುವುದನ್ನು ತುಳಿದೇ ಕಲಿಯಬೇಕು. ರಕ್ತ ಪರಿಚಲನೆಯಂಥ ಪಾಠಕ್ಕೆ ಚಿತ್ರವೂ ಬೇಕು, ಮಾತೂ ಬೇಕು. ಚಿತ್ರ ಮತ್ತು ವಿವರಣೆ ಒಟ್ಟಿಗೆ ಸಿಕ್ಕಾಗ 'ಯಾವ ಶೈಲಿ'ಯ ಮಗುವಿಗಾದರೂ ಹಿಡಿತ ಸಿಗುತ್ತದೆ. ಆದ್ದರಿಂದ ಚಿತ್ರ, ವಿಡಿಯೋ, ಪ್ರಯೋಗ ಯಾವುದನ್ನೂ ಬಿಡಬೇಡಿ. ಒಂದು ಮಗುವಿಗೆ ಒಂದೇ ಅಂತ ಹಂಚುವುದನ್ನು ಬಿಡಿ.

ಹಂತ 6: ಓದುವ ಕ್ರಮವನ್ನೇ ಬದಲಿಸಿ

ಹಣೆಪಟ್ಟಿ ತೆಗೆದ ಜಾಗದಲ್ಲಿ ಏನಾದರೂ ಕೊಡಬೇಕಲ್ಲ. 2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು ಓದುವ ಹತ್ತು ವಿಧಾನಗಳನ್ನು ತೂಗಿ ನೋಡಿದರು. ಎಲ್ಲಕ್ಕಿಂತ ಮೇಲೆ ನಿಂತದ್ದು ಎರಡು: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಮತ್ತು ಓದನ್ನು ಬಿಡಿಬಿಡಿಯಾಗಿ ಹಲವು ದಿನಗಳಿಗೆ ಹಂಚುವುದು. ಹೈಲೈಟರ್ ಹಿಡಿದು ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಕೆಳಗಿನ ಸಾಲಿನಲ್ಲಿದ್ದವು.

ಹಂಚುವುದು ಹೇಗೆ? ಇವತ್ತು ಓದಿದ ಪಾಠವನ್ನು ನಾಳೆ ಐದು ನಿಮಿಷ ನೆನಪಿಸಿಕೊಳ್ಳಲಿ. ಆಮೇಲೆ ನಾಲ್ಕನೇ ದಿನ, ಹತ್ತನೇ ದಿನ, ತಿಂಗಳಿಗೊಮ್ಮೆ. ಪ್ರತಿ ಸಲವೂ ಮೊದಲು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಬೇಕು, ಆಮೇಲೆ ತೆರೆದು ಸರಿನೋಡಬೇಕು. ಲೆಕ್ಕಗಳಿಗೆ ಇನ್ನೊಂದು ಉಪಾಯ: ಒಂದೇ ಬಗೆಯ ಇಪ್ಪತ್ತು ಲೆಕ್ಕ ಸಾಲಾಗಿ ಮಾಡಿಸುವ ಬದಲು ಮೂರು ಬಗೆಯವನ್ನು ಕಲಸಿ ಕೊಡಿ. ಯಾವ ಲೆಕ್ಕಕ್ಕೆ ಯಾವ ಸೂತ್ರ ಅಂತ ಗುರುತಿಸುವುದನ್ನೂ ಮಗು ಆಗ ಕಲಿಯುತ್ತದೆ. ಪರೀಕ್ಷೆಯಲ್ಲಿ ಬೇಕಾಗುವುದೂ ಅದೇ ಅಲ್ವಾ?

ಎಚ್ಚರ: ಮೊದಲ ಎರಡು ವಾರ ಮಗು ಗೊಣಗುತ್ತದೆ. ಉರು ಹೊಡೆದಾಗ ಸಿಗುತ್ತಿದ್ದ ನೆಮ್ಮದಿ ಇದರಲ್ಲಿ ಇಲ್ಲ. ನೆನಪಿಸಿಕೊಳ್ಳಲು ಒದ್ದಾಡುವಾಗ 'ನಾನು ದಡ್ಡ' ಅನ್ನುವ ಹಳೆಯ ಮಾತು ತಿರುಗಿ ಬರಬಹುದು. "ಈ ಒದ್ದಾಟದಿಂದಲೇ ನೆನಪು ಗಟ್ಟಿಯಾಗುತ್ತೆ" ಅಂತ ಮೊದಲೇ ಹೇಳಿಟ್ಟಿರಿ. ತುಂಬಾ ಜನ ಕೈಬಿಡುವುದು ಇಲ್ಲೇ.

ಹಂತ 7: ತಪ್ಪು ಬಂದ ದಿನದ ಮೊದಲ ನಿಮಿಷ

ನೀವು ಬುದ್ಧಿಯ ಬಗ್ಗೆ ಏನು ನಂಬಿದ್ದೀರಿ ಅನ್ನುವುದು ಮಕ್ಕಳಿಗೆ ನೇರವಾಗಿ ಕಾಣುವುದಿಲ್ಲ. ಸೋಲು ಬಂದಾಗ ನಿಮ್ಮ ಮುಖ ಹೇಗಾಗುತ್ತದೆ ಅನ್ನುವುದು ಕಾಣುತ್ತದೆ. 2016ರಲ್ಲಿ ಕೈಲಾ ಹೈಮೊವಿಟ್ಜ್ ಮತ್ತು ಡ್ವೆಕ್ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಪೋಷಕರು ಸೋಲನ್ನು ಹೇಗೆ ಕಾಣುತ್ತಾರೆ ಅನ್ನುವುದಕ್ಕೂ ಮಕ್ಕಳ ನಂಬಿಕೆಗೂ ಸಂಬಂಧ ಸಿಕ್ಕಿತು. ಬುದ್ಧಿಯ ಬಗ್ಗೆ ಪೋಷಕರು ಏನು ನಂಬಿದ್ದಾರೆ ಅನ್ನುವುದಕ್ಕೆ ಅಂಥ ಸಂಬಂಧ ಸಿಗಲಿಲ್ಲ.

ಹಾಗಾಗಿ ಕಡಿಮೆ ಮಾರ್ಕ್ಸ್ ಬಂದ ದಿನ ಮೊದಲ ನಿಮಿಷದಲ್ಲಿ ಅಂಕದ ಬಗ್ಗೆ ಮಾತು ಬೇಡ. ಊಟ ಆಗಲಿ, ಮಗು ಸುಧಾರಿಸಿಕೊಳ್ಳಲಿ. ಆಮೇಲೆ ಉತ್ತರ ಪತ್ರಿಕೆ ಮುಂದಿಟ್ಟುಕೊಂಡು ತಪ್ಪುಗಳನ್ನು ವಿಂಗಡಿಸಿ: ಗೊತ್ತಿಲ್ಲದ್ದು ಎಷ್ಟು, ಗೊತ್ತಿದ್ದೂ ನೆನಪಾಗದ್ದು ಎಷ್ಟು, ಪ್ರಶ್ನೆ ತಪ್ಪಾಗಿ ಓದಿದ್ದು ಎಷ್ಟು. ಮೊದಲನೆಯದಕ್ಕೆ ಪಾಠ ಮತ್ತೆ ಬೇಕು. ಎರಡನೆಯದಕ್ಕೆ ಹಂತ 6. ಮೂರನೆಯದಕ್ಕೆ ಪ್ರಶ್ನೆಯನ್ನು ನಿಧಾನವಾಗಿ ಎರಡು ಸಲ ಓದುವ ಅಭ್ಯಾಸ.

ಎಷ್ಟು ಬದಲಾವಣೆ ನಿರೀಕ್ಷಿಸಬಹುದು?

ದೊಡ್ಡ ದೊಡ್ಡ ಭರವಸೆ ಕೊಡುವವರನ್ನು ನಂಬಬೇಡಿ. 2019ರಲ್ಲಿ ಡೇವಿಡ್ ಯೇಗರ್ ಮತ್ತು ಸಂಗಡಿಗರು ಅಮೆರಿಕದ ಒಂಬತ್ತನೇ ತರಗತಿಯ ಸುಮಾರು 12,000 ವಿದ್ಯಾರ್ಥಿಗಳ ಅಧ್ಯಯನ ಪ್ರಕಟಿಸಿದರು. ಆ ವಿದ್ಯಾರ್ಥಿಗಳಿಗೆ ಕೊಟ್ಟದ್ದು ಬುದ್ಧಿ ಬೆಳೆಯುತ್ತದೆ ಅಂತ ತಿಳಿಸುವ, ಒಂದು ಗಂಟೆಗಿಂತ ಕಡಿಮೆ ಹೊತ್ತಿನ ಆನ್‌ಲೈನ್ ಪಾಠ. ಓದಿನಲ್ಲಿ ಹಿಂದಿದ್ದವರ ಸರಾಸರಿ ಗ್ರೇಡ್ 4 ಅಂಶಗಳ ಅಳತೆಯಲ್ಲಿ ಸುಮಾರು 0.1ರಷ್ಟು ಮೇಲೇರಿತು. ಸಹಪಾಠಿಗಳೂ ಕಷ್ಟದ ಕೆಲಸಕ್ಕೆ ಕೈಹಾಕುತ್ತಿದ್ದ ಶಾಲೆಗಳಲ್ಲಿ ಪರಿಣಾಮ ಹೆಚ್ಚಿತ್ತು. 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೂ ಸರಾಸರಿ ಲಾಭ ಚಿಕ್ಕದೇ ಕಂಡಿತು. ಬರೀ 'ನೀನು ಮಾಡಬಲ್ಲೆ' ಅಂದರೆ ಸಾಲದು ಅಂತ ನಾನು ಹಂತ 4 ಮತ್ತು 6ಕ್ಕೆ ಇಷ್ಟು ಒತ್ತು ಕೊಟ್ಟಿರುವುದು ಇದಕ್ಕೇ. ಮಕ್ಕಳ ನಡುವೆ ವ್ಯತ್ಯಾಸ ಇಲ್ಲವೇ ಇಲ್ಲ ಅಂತಲೂ ನಾನು ಹೇಳುತ್ತಿಲ್ಲ. ಒಬ್ಬರಿಗೆ ಹತ್ತು ದಿನ ಹಿಡಿದದ್ದು ಇನ್ನೊಬ್ಬರಿಗೆ ಮೂವತ್ತು ದಿನ ಹಿಡಿಯಬಹುದು.

'ಗ್ರೋತ್ ಮೈಂಡ್‌ಸೆಟ್' ಅನ್ನುವುದನ್ನೇ ಹೊಸ ಹಣೆಪಟ್ಟಿ ಮಾಡಬೇಡಿ. "ನಿನ್ನದು ಫಿಕ್ಸೆಡ್ ಮೈಂಡ್‌ಸೆಟ್, ಅದಕ್ಕೇ ಹೀಗೆ" ಅನ್ನುವುದಕ್ಕೂ "ನೀನು ದಡ್ಡ" ಅನ್ನುವುದಕ್ಕೂ ಮಗುವಿನ ಕಿವಿಯಲ್ಲಿ ವ್ಯತ್ಯಾಸವೇನೂ ಇಲ್ಲ.

ಇದು ಶೈಲಿಯ ಮಾತಲ್ಲ, ತಡ ಮಾಡಬೇಡಿ

ಮಗು ಬೋರ್ಡ್ ನೋಡುವಾಗ ಕಣ್ಣು ಕಿರಿದು ಮಾಡಿದರೆ, ಕರೆದಾಗ ಮತ್ತೆ ಮತ್ತೆ "ಏನು?" ಅಂದರೆ ಮೊದಲು ಕಣ್ಣು, ಕಿವಿ ತೋರಿಸಿ. ವಯಸ್ಸಿಗೆ ತಕ್ಕ ಪಾಠ ಹೇಳಿಕೊಟ್ಟರೂ ಅಕ್ಷರ ಕೂಡಿಸಿ ಓದಲು ತುಂಬಾ ತಡವರಿಸುತ್ತಿದ್ದರೆ ಅದು ಡಿಸ್ಲೆಕ್ಸಿಯಾ ಇರಬಹುದು. ಅಂದರೆ ಬುದ್ಧಿಗೆ ಸಂಬಂಧವಿಲ್ಲದೆ ಓದು, ಬರಹದಲ್ಲಿ ಕಾಣುವ ತೊಡಕು. ಅದಕ್ಕೆ ಬೇರೆಯದೇ ತರಬೇತಿ ಇದೆ. 'ಇವನು ಕೇಳಿ ಕಲಿಯೋನು' ಅಂತ ಸುಮ್ಮನಾದರೆ ಆ ಸಹಾಯ ಸಿಗುವುದು ವರ್ಷಗಟ್ಟಲೆ ತಡವಾಗುತ್ತದೆ. ತಜ್ಞರ ಹತ್ತಿರ ಹೋಗುವಾಗ ಹಂತ 1 ಮತ್ತು 2ರ ನೋಟ್‌ಬುಕ್ ಜೊತೆಗಿರಲಿ. ಯಾವ ಕೆಲಸದಲ್ಲಿ, ಎಲ್ಲಿ, ಎಷ್ಟು ದಿನದಿಂದ ತಡವರಿಸುತ್ತಿದೆ ಅಂತ ಅವರು ಕೇಳಿದಾಗ ಉತ್ತರಕ್ಕೆ ತಡಕಾಡಬೇಕಿಲ್ಲ.